ರಷ್ಯನ್ ಮನೆಯಲ್ಲಿ ನಾನಾಡಿದ ಮಾತು

ಮಂಗಾಫ್

ಕುವೈತಿಗೆ ಹೋಗಿ ಬಂದೆನೆಂದರೆ ಊರಿನಲ್ಲಿ ಎಲ್ಲರೂ ಮೊದಲು ಸೆಕೆಯ ವಿಷಯ ಕೇಳುತ್ತಾರೆ, ಆಮೇಲೆ ಚಿನ್ನದ ವಿಷಯ. ಎರಡಕ್ಕೂ ಚುಟುಕಾಗಿ ಉತ್ತರ ಕೊಟ್ಟು ಮಾತು ತಿರುಗಿಸುತ್ತೇನೆ. ಅಲ್ಲಿ ನಾನು ನಿಜವಾಗಿ ಕಣ್ಣುಬಿಟ್ಟು ನೋಡಿದ್ದು ಒಂದು ರಷ್ಯನ್ ಮನೆಯನ್ನು. ಅದರ ಸುದ್ದಿ ಎತ್ತಿದರೆ ಆ ಮನೆಯಲ್ಲಿ ನಾನಾಡಿದ ಮಾತನ್ನೂ ಹೇಳಬೇಕಾಗುತ್ತದೆ. ಅದಕ್ಕೇ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ನಾನು ಕಾರ್ಕಳದ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಮನೆಮಾತು ಕೊಂಕಣಿ. ತಂಗಿ ಲವೀನಾ ಕುವೈತಿನಲ್ಲಿ ನರ್ಸು, ಮನೆ ಮಂಗಾಫ್ ಎಂಬಲ್ಲಿ. ಕೆಲಸ ಮಾಡುವ ಕ್ಲಿನಿಕ್ಕಿನ ಮೆಟ್ಟಿಲಿನಲ್ಲೇ ಜಾರಿ ಬಿದ್ದು, ಮೊಣಕಾಲಿನ ಲಿಗಮೆಂಟ್ ಹರಿದು, ಆಪರೇಷನ್ ಆಗಿತ್ತು. ಅವಳ ಗಂಡ ವಾಲ್ಟರನಿಗೆ ಶಿಫ್ಟ್ ಕೆಲಸ. ನನಗೆ ಬೇಸಿಗೆ ರಜೆ. ಅಡುಗೆಗೆ, ಆರೈಕೆಗೆ ಒಬ್ಬರು ಬೇಕೆಂದು ವಿಸಿಟ್ ವೀಸಾ ಮಾಡಿಸಿ ನನ್ನನ್ನು ಕರೆಸಿಕೊಂಡರು.

ಹೋದ ದಿನವೇ ಒಂದು ಎಡವಟ್ಟಾಯಿತು. ಸ್ನಾನಕ್ಕೆಂದು ತಣ್ಣೀರಿನ ನಲ್ಲಿ ತಿರುಗಿಸಿ ಕೆಳಗೆ ನಿಂತವಳು ಕೂಗಿಕೊಂಡು ಹೊರಗೆ ಬಂದೆ. ಅನ್ನಕ್ಕೆ ಇಡುವಷ್ಟು ಬಿಸಿ ನೀರು! ಸೋಫಾದ ಮೇಲೆ ಕಾಲು ಚಾಚಿ ಮಲಗಿದ್ದ ಲವೀನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಕ್ಕಾ, ಇಲ್ಲಿ ಮೇ ತಿಂಗಳಲ್ಲಿ ತಣ್ಣೀರು ಬೇಕಾದರೆ ಬಿಸಿನೀರಿನ ನಲ್ಲಿ ತಿರುಗಿಸಬೇಕು." ತಾರಸಿಯ ಟ್ಯಾಂಕಿಗೆ ಬಿಸಿಲು ಬಡಿದು ನೀರು ಕುದಿಯುತ್ತದೆ. ಬಾತ್‌ರೂಮಿನ ಒಳಗಿರುವ ಗೀಸರನ್ನು ಆರಿಸಿಟ್ಟರೆ ಅದರಲ್ಲಿ ನಿಂತ ನೀರು ಎಸಿಯ ತಂಪಿಗೆ ತಣ್ಣಗಿರುತ್ತದೆ. ಇಡೀ ಊರೇ ಬೇಸಿಗೆಯಲ್ಲಿ ಹೀಗೆ ಮೀಯುತ್ತದಂತೆ.

ಮರುದಿನ ಬೆಳಿಗ್ಗೆ ಕಾಲಿಂಗ್ ಬೆಲ್ ಆಯಿತು. ಬಾಗಿಲು ತೆಗೆದರೆ ಎತ್ತರದ, ಕತ್ತರಿಸಿದ ಕೂದಲಿನ, ನನ್ನದೇ ವಯಸ್ಸಿನ ಹೆಂಗಸು. ನಾನು ನಕ್ಕೆ, ಆಕೆ ನಗಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ನೆಟ್ಟಗೆ ಲವೀನಾಳ ಬಳಿ ಹೋಗಿ ಅವಳ ಕಾಲನ್ನು ತನ್ನ ಮಡಿಲಿಗೆ ಎತ್ತಿಕೊಂಡಳು. "ಯಲ್ಲಾ, ಲಾವಾ!" ಎಂದು ಅರಬ್ಬಿಯಲ್ಲಿ ಅವಸರಪಡಿಸುತ್ತ ಮೊಣಕಾಲನ್ನು ಮಡಚಿಸತೊಡಗಿದಳು. ಆಕೆಯ ಬಾಯಲ್ಲಿ ಲವೀನಾ ಲಾವಾ ಆಗಿದ್ದಳು. ಲವೀನಾ ಹಲ್ಲು ಕಚ್ಚಿ ಅತ್ತಳು, ಆಕೆ ಬಿಡಲಿಲ್ಲ.

ಆಕೆಯೇ ಗಲೀನಾ. ಎದುರು ಫ್ಲ್ಯಾಟಿನವಳು. ವೋಲ್ಗಾ ನದಿಯ ದಡದ ಒಂದು ಸಣ್ಣ ಪಟ್ಟಣದಿಂದ ಬಂದವಳು. ಹತ್ತಿರದ ಎಗೈಲಾ ಎಂಬಲ್ಲಿನ ಹೆಂಗಸರ ಜಿಮ್ಮಿನಲ್ಲಿ ಕೋಚ್. ಗಂಡ ವಿಕ್ಟರ್ ಮರುಭೂಮಿಯ ತೈಲಬಾವಿಗಳಲ್ಲಿ ಮೆಕ್ಯಾನಿಕ್, ವಾರಗಟ್ಟಲೆ ಮನೆಗೆ ಬರುವುದಿಲ್ಲ. ಲವೀನಾ ಆಸ್ಪತ್ರೆಯಿಂದ ಬಂದ ಮೇಲೆ ನಾನು ತಲುಪುವವರೆಗೆ ಅವಳನ್ನು ಮೀಯಿಸಿದ್ದು, ಬಟ್ಟೆ ಹಾಕಿಸಿದ್ದು ಎಲ್ಲ ಈಕೆಯೇ ಎಂದು ಆಮೇಲೆ ತಿಳಿಯಿತು. ಆದರೆ ನಗದ ಆ ಮುಖ ನೋಡಿ, ಎಂಥ ಜಂಬದವಳಪ್ಪ ಎಂದು ನಾನು ಆಗಲೇ ತೀರ್ಮಾನಿಸಿಯಾಗಿತ್ತು.

ಆಕೆಯ ಇಂಗ್ಲಿಷು ಬಿಡಿಬಿಡಿ ಪದಗಳದ್ದು. ಅದಕ್ಕೇ ಫೋನಿನಲ್ಲಿ ಅನುವಾದದ ಆ್ಯಪ್ ಇಟ್ಟುಕೊಂಡಿದ್ದಳು. ನಾನು ಭಾಷೆ ಕಲಿಸುವವಳೆಂದು ಲವೀನಾ ಹೇಳಿದ್ದೇ ತಡ, ಆ್ಯಪಿನಲ್ಲಿ ಹುಡುಕಿ ಕನ್ನಡ ಹಾಕಿದಳು. ಏನೋ ರಷ್ಯನ್ನಿನಲ್ಲಿ ಹೇಳಿದಳು. ಫೋನು ಆಕಾಶವಾಣಿಯ ದನಿಯಲ್ಲಿ ಉಲಿಯಿತು: "ನಿಮ್ಮ ಸಹೋದರಿ ಸೋಮಾರಿ ರೋಗಿ."

ನನಗೆ ರೋಮಾಂಚನವಾಯಿತು. ನಮ್ಮ ಕರಾವಳಿಯ ಮಾತು ಅದಕ್ಕೆ ಹಿಡಿಸುತ್ತಿರಲಿಲ್ಲ. "ಎಂತ ಮಾರಾಯ್ತಿ" ಎಂದರೆ ತಡವರಿಸಿ ಸುಮ್ಮನಾಗುತ್ತಿತ್ತು. ಹಾಗಾಗಿ ರಾಜ್ಯೋತ್ಸವದ ಭಾಷಣದ ಹಾಗೆ ಒಂದೊಂದೇ ಪದವನ್ನು ಸ್ಪಷ್ಟವಾಗಿ, ಕರ್ತೃ ಕರ್ಮ ಕ್ರಿಯಾಪದ ಎಲ್ಲ ಸರಿಯಾಗಿ ಜೋಡಿಸಿ ಮಾತಾಡತೊಡಗಿದೆ. ಫೋನು ತಪ್ಪಿಲ್ಲದೆ ರಷ್ಯನ್ ಮಾಡುತ್ತಿತ್ತು. ಶಾಲೆಯ ಟೀಚರುಗಳ ಗ್ರೂಪಿಗೆ ಅದನ್ನು ರೆಕಾರ್ಡ್ ಮಾಡಿ ಕಳಿಸಿದೆ. ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದರು.

ಎದುರು ಮನೆ

ಶುಕ್ರವಾರ ರಜೆ. ಗಲೀನಾ ನಮ್ಮನ್ನು ಚಹಾಕ್ಕೆ ಕರೆದಳು. ಲವೀನಾಳನ್ನು ನೋಡಲು ಅವಳ ಗೆಳತಿ ಮುಮ್ತಾಜ್ ಕೂಡ ಬಂದಿದ್ದಳು. ಉಪ್ಪಿನಂಗಡಿ ಕಡೆಯ ಬ್ಯಾರಿ ಹೆಂಗಸು, ರಾಜಧಾನಿಯ ಶರ್ಕ್‌ನ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತಾಳೆ. ನಾವು ಮೂವರೂ ಸೇರಿದರೆ ಮಾತು ಕನ್ನಡದಲ್ಲೇ.

ರಷ್ಯಾದ ಬಗ್ಗೆ ನನ್ನ ತಲೆಯಲ್ಲಿ ಒಂದು ಚಿತ್ರವಿತ್ತು. ನಾನು ಚಿಕ್ಕವಳಿರುವಾಗ ಅಪ್ಪ ಸೋವಿಯತ್ ದೇಶದ ನುಣುಪು ಹಾಳೆಯ ಪತ್ರಿಕೆಗಳನ್ನು ತರಿಸುತ್ತಿದ್ದರು. ಓದಿಯಾದ ಮೇಲೆ ಅವುಗಳಿಂದಲೇ ನಮ್ಮ ಪುಸ್ತಕಗಳಿಗೆ ಬೈಂಡು. ಕೆಂಪು ಕೆನ್ನೆಯ ಮಕ್ಕಳು, ಫಳಫಳಿಸುವ ಅಡುಗೆಮನೆ, ರಾಕೆಟ್ಟು. ಅಂಥದೊಂದು ಮನೆಯೊಳಗೆ ಹೋಗುತ್ತಿದ್ದೇನೆಂದು ಒಳ್ಳೆಯ ಸೀರೆ ಉಟ್ಟುಕೊಂಡೆ.

ಬಾಗಿಲಲ್ಲೇ ಅತಿಥಿಗಳಿಗೆಂದು ಬಟ್ಟೆಯ ಚಪ್ಪಲಿಗಳ ಬುಟ್ಟಿ. ಚಪ್ಪಲಿ ಹೊರಗೆ ಬಿಡುವುದು ನಮ್ಮ ಹಾಗೇ, ಆದರೆ ಬರಿಗಾಲಲ್ಲಿ ನಡೆಯಲು ಆಕೆ ಬಿಡಲಿಲ್ಲ. ಒಳಗೆ ಗೋಡೆಯ ಮೇಲೆ ಜಮಖಾನೆ ತೂಗುಹಾಕಿತ್ತು. ಹಿಡಿ ಮುರಿದ ಕೆಟಲಿಗೆ ಟೇಪು ಸುತ್ತಿತ್ತು. ಗಾಜಿನ ಭರಣಿಗಳಲ್ಲಿ ಉಪ್ಪುನೀರಿನ ಸೌತೆಕಾಯಿ. ಅಡುಗೆಮನೆಯ ಕಿಟಕಿಗೆ ಕಟ್ಟಿದ ಹಗ್ಗದಲ್ಲಿ, ತೊಳೆದ ಪ್ಲಾಸ್ಟಿಕ್ ಚೀಲಗಳು ಕ್ಲಿಪ್ಪಿನಲ್ಲಿ ನೇತಾಡುತ್ತಿದ್ದವು. ಅಷ್ಟರಲ್ಲಿ ಕಾಲ ಬುಡಕ್ಕೆ ತಟ್ಟೆಯಂಥದೇನೋ ಬಂದು ಹಾಯಿತು. ನಾನು ಕಿರುಚಿ ಕುರ್ಚಿಯ ಮೇಲೆ ಕಾಲೆತ್ತಿದೆ. ತಾನೇ ಓಡಾಡಿ ನೆಲ ಗುಡಿಸುವ ಯಂತ್ರ! ಗಲೀನಾ ಅದನ್ನು ನಾಯಿಯನ್ನು ಗದರುವ ಹಾಗೆ ಗದರಿ ಮೂಲೆಗೆ ಕಳಿಸಿದಳು.

ಎಲ್ಲವೂ ಹೀಗೆಯೇ, ಒಂದಕ್ಕೊಂದು ಹೊಂದದ ಹಾಗೆ ಕಂಡಿತು ನನಗೆ. ಮಂಗಾಫಿನಲ್ಲಿ ಕೂತೇ ಆಕೆ ತನ್ನ ಊರಿನ ಫ್ಲ್ಯಾಟಿನ ಕರೆಂಟ್ ಮೀಟರಿನ ಲೆಕ್ಕ ಕಳಿಸುತ್ತಾಳೆ, ಅಕ್ಕನಿಗೆ ಡಾಕ್ಟರ ಸಮಯ ಗೊತ್ತುಮಾಡುತ್ತಾಳೆ, ಸರ್ಕಾರದ ಕಾಗದಪತ್ರ ಮಾಡಿಸುತ್ತಾಳೆ, ಎಲ್ಲ ಫೋನಿನಲ್ಲೇ. ಚಹಾವನ್ನು ಮಾತ್ರ ಕಷಾಯದ ಹಾಗೆ ಗಟ್ಟಿ ಕುದಿಸಿಟ್ಟು, ಕಪ್ಪಿಗೆ ಸ್ವಲ್ಪ ಬಗ್ಗಿಸಿ, ಮೇಲಿಂದ ಬಿಸಿನೀರು ಹುಯ್ಯುತ್ತಾಳೆ. ಜೊತೆಗೆ ಪುಟ್ಟ ತಟ್ಟೆಯಲ್ಲಿ ಜಾಮು. ಅದನ್ನು ಬ್ರೆಡ್ಡಿಗೆ ಹಚ್ಚಹೋದ ನನ್ನ ಕೈ ಹಿಡಿದು, ಚಮಚದಲ್ಲಿ ಹಾಗೇ ತಿನ್ನುವುದೆಂದು ತೋರಿಸಿದಳು.

ಆಗ ಊರಿನಿಂದ ಅಕ್ಕ ನೀನಾಳ ವಿಡಿಯೋ ಕರೆ ಬಂತು. ಗಲೀನಾ ಟ್ಯಾಬನ್ನು ಜಾಮಿನ ಭರಣಿಗೆ ಒರಗಿಸಿ ನಿಲ್ಲಿಸಿದಳು. ಅನುವಾದದ ಫೋನು ಮೇಜಿನ ನಡುವೆ ಇತ್ತು. ನೀನಾ ಪಟ್ಟಣದ ಫ್ಲ್ಯಾಟ್ ಬಿಟ್ಟು ಬೇಸಿಗೆಗೆ ಹಳ್ಳಿಯ ತೋಟದ ಮನೆಗೆ ಬಂದಿದ್ದಳು. ತಲೆಗೆ ಬಟ್ಟೆ, ಕಾಲಿಗೆ ರಬ್ಬರ್ ಬೂಟು, ಕೈಯಲ್ಲಿ ಮಣ್ಣು. ಭಾರತದಿಂದ ಟೀಚರು ಬಂದಿದ್ದಾರೆಂದು ತಿಳಿದು ಖುಷಿಯಾಗಿ ಇಡೀ ಹಿತ್ತಲು ಸುತ್ತಿ ತೋರಿಸಿದಳು. ಬಟಾಟೆಯ ಏರಿಗಳು, ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಸೌತೆಯ ಸಸಿಗಳು, ಇಟ್ಟಿಗೆಯ ದೊಡ್ಡ ಒಲೆ, ಬಾವಿ. ಕೊನೆಗೆ ಅಂಗಳದ ತುದಿಯಲ್ಲಿ ಒಂದು ಮರದ ಗೂಡು. ಅದರ ಬಾಗಿಲು ತೆರೆದು ಏನೋ ಹೇಳಿ ನಕ್ಕಳು. "ಇದು ನಮ್ಮ ಶೌಚಾಲಯ," ಎಂದಿತು ಫೋನು.

ನಾನು ಮುಮ್ತಾಜಳ ಕಡೆ ತಿರುಗಿದೆ. ಫೋನಿನೊಂದಿಗೆ ಮಾತಾಡಿ ಮಾತಾಡಿ ನಾಲಗೆಗೆ ಅದೇ ಕನ್ನಡ ಅಂಟಿಕೊಂಡಿತ್ತು. ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳಿದೆ: "ಬಾಹ್ಯಾಕಾಶಕ್ಕೆ ಮನುಷ್ಯರನ್ನು ಕಳಿಸಿದವರಿಗೆ ಮನೆಯೊಳಗೆ ಒಂದು ಶೌಚಾಲಯ ಕಟ್ಟಲು ಆಗಲಿಲ್ಲ. ಪ್ಲಾಸ್ಟಿಕ್ ಚೀಲ ತೊಳೆದು ಒಣಗಿಸುವ ಈ ಜನರನ್ನು ನಮ್ಮ ಅಪ್ಪ ದೊಡ್ಡವರೆಂದು ತಿಳಿದಿದ್ದರು."

ಮುಮ್ತಾಜ್ ಕಿಸಕ್ಕನೆ ನಕ್ಕಳು. ಲವೀನಾಳ ಕಣ್ಣು ಮೇಜಿನ ಮೇಲಿತ್ತು. ಅಲ್ಲಿ ಫೋನು ಇನ್ನೂ ಕೇಳಿಸಿಕೊಳ್ಳುತ್ತಿತ್ತು.

ಅದು ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಅದೇ ಇಂಪಾದ ಹೆಣ್ಣುದನಿಯಲ್ಲಿ ನನ್ನ ಎರಡೂ ವಾಕ್ಯಗಳನ್ನು ರಷ್ಯನ್ನಿನಲ್ಲಿ ಹೇಳಿ ಮುಗಿಸಿತು.

ಗಲೀನಾಳ ಕೈಯ ಚಮಚ ಕಪ್ಪಿನೊಳಗೇ ನಿಂತಿತು. ಪರದೆಯಲ್ಲಿ ನೀನಾ ತೆರೆದ ಬಾಗಿಲನ್ನು ಮೆಲ್ಲನೆ ಮುಚ್ಚಿದಳು.   ಕೊನೆಗೆ ನೀನಾಳೇ ಏನೋ ಅಂದಳು. ಫೋನು ನನಗೆ ಹೇಳಿತು: "ಅವರೂ ತಮ್ಮ ಮನೆಯನ್ನು ತೋರಿಸಲಿ. ನಮಗೆ ನೋಡಲು ಇಷ್ಟ."

"ಈಗ ಊರಲ್ಲಿ ನೆಟ್ ಇರುವುದಿಲ್ಲ," ಎಂದೆ. ಆ ಸುಳ್ಳನ್ನೂ ಫೋನು ನಿಷ್ಠೆಯಿಂದ ಅನುವಾದ ಮಾಡಿತು.

ಗಲೀನಾ ಎದ್ದಳು. ಹೊರಗೆ ಹೋಗಿ ಎನ್ನುತ್ತಾಳೆ ಎಂದುಕೊಂಡೆ. ಆಕೆ ಕೆಟಲ್ ತಂದು, ಖಾಲಿಯಾಗಿದ್ದ ನನ್ನ ಕಪ್ಪಿಗೆ ಮತ್ತೆ ಚಹಾ ಹುಯ್ದಳು. ಅದನ್ನು ನಾನು ಕುಡಿದು ಮುಗಿಸಲೇಬೇಕಾಯಿತು.

ಬೆಲ್ ಆಗದ ಬೆಳಿಗ್ಗೆ

ಮರುದಿನ ಬೆಲ್ ಆಗಲಿಲ್ಲ. ಲವೀನಾ ಸೋಫಾದಲ್ಲಿ ಕಾಲು ಚಾಚಿ ಬಾಗಿಲನ್ನೇ ನೋಡುತ್ತ ಕೂತಿದ್ದಳು. ಎದುರು ಮನೆಯ ಬಾಗಿಲು ತೆರೆದ ಸದ್ದು, ಲಿಫ್ಟಿನ ಸದ್ದು, ಆಮೇಲೆ ಏನೂ ಇಲ್ಲ.

ನಾನು ಕಾಲು ಒತ್ತಲು ಹೋದರೆ ಕೈ ತಳ್ಳಿದಳು. ಬೈದದ್ದು ಕೊಂಕಣಿಯಲ್ಲಿ, ನಾವು ಚಿಕ್ಕವರಿದ್ದಾಗ ಜಗಳವಾಡುತ್ತಿದ್ದ ಭಾಷೆಯಲ್ಲಿ. "ನಿನಗೇನು, ರಜೆ ಮುಗಿದ ಕೂಡಲೇ ಹೋಗ್ತಿ. ಇಲ್ಲಿರುವವಳು ನಾನು. ಜ್ವರ ಬಂದರೆ ಗಂಜಿ ಕೊಡಲು ಇಲ್ಲಿ ನನಗೆ ಅಮ್ಮ ಇದ್ದಾಳಾ, ಅತ್ತಿಗೆ ಇದ್ದಾಳಾ? ಆ ಬಾಗಿಲು ಒಂದೇ ಇದ್ದದ್ದು. ಬಾತ್‌ರೂಮಿನಲ್ಲಿ ನನ್ನನ್ನು ಬಟ್ಟೆ ಬಿಚ್ಚಿ ಮೀಯಿಸಿದವಳು ಅಕ್ಕಾ ಅವಳು. ಅವಳ ಮನೆಯಲ್ಲಿ ಕೂತು, ಅವಳ ಚಹಾ ಕುಡಿಯುತ್ತ..." ಅಷ್ಟಕ್ಕೇ ಮುಖ ತಿರುಗಿಸಿದಳು.

ಸಂಜೆ ಗಲೀನಾ ಬಂದ ಸದ್ದು ಕೇಳಿ ನಾನೇ ಹೋಗಿ ಬೆಲ್ ಒತ್ತಿದೆ. ಅದೇ ಆ್ಯಪನ್ನು ನನ್ನ ಫೋನಿಗೂ ಹಾಕಿಕೊಂಡಿದ್ದೆ. ಆದರೆ ಭಾಷಣದ ಕನ್ನಡ ಬರುವ ಬದಲು ಊರಿನ ಮಾತೇ ಬಂತು. "ಬಾಯಿ ತಪ್ಪಿ ಬಂತು," ಎಂದೆ. ಫೋನು ಏನು ಹೇಳಿತೋ, ಗಲೀನಾ ನನ್ನ ಬಾಯಿಯನ್ನೇ ದಿಟ್ಟಿಸಿದಳು. ಅವಳ ಉತ್ತರವನ್ನು ಫೋನು ಕನ್ನಡ ಮಾಡಿತು: "ನಿಮಗೆ ದಂತವೈದ್ಯರು ಬೇಕೇ?"

ಬೇಡವೆಂದು ತಲೆಯಾಡಿಸಿದೆ. ಬಾಗಿಲು ಮುಚ್ಚಿತು. ನಿಜವಾಗಿ ಅರ್ಥವಾಗದೆ ಕೇಳಿದಳೋ, ಬೇಕೆಂದೇ ಕೇಳಿದಳೋ ತಿಳಿಯಲಿಲ್ಲ.

ಶರ್ಕ್

ನನ್ನ ಪೆಚ್ಚುಮೋರೆ ನೋಡಲಾರದೆ ಒಂದು ಸಂಜೆ ಮುಮ್ತಾಜ್ ನನ್ನನ್ನು ಶರ್ಕ್‌ಗೆ ಕರೆದುಕೊಂಡು ಹೋದಳು. ಕುತ್ತಿಗೆ ನೋಯುವಷ್ಟು ಎತ್ತರದ ಗಾಜಿನ ಕಟ್ಟಡಗಳು, ಬ್ಯಾಂಕುಗಳು, ಅವುಗಳ ಬುಡದಲ್ಲೇ ಸಮುದ್ರ. ಬಿಸಿಗಾಳಿಗೆ ಕಣ್ಣು ಉರಿಯುತ್ತಿತ್ತು. ಅಭ್ಯಾಸಬಲದಿಂದ ಫೋನು ತೆಗೆದು, ಆ ಕಟ್ಟಡಗಳನ್ನು ಹಿಂದೆ ಇಟ್ಟುಕೊಂಡು ಒಂದು ಫೋಟೋ ತೆಗೆಯಲು ಮುಮ್ತಾಜಳಿಗೆ ಹೇಳಿದೆ.

ಅವಳು ತೆಗೆದಳು. ಆಮೇಲೆ ಫೋನು ವಾಪಸು ಕೊಡುತ್ತ ಹೇಳಿದಳು, "ಟೀಚರೇ, ಬೇಜಾರು ಮಾಡ್ಬೇಡಿ ಆಯ್ತಾ. ಅವತ್ತು ನಾನೂ ನಗಾಡಿದೆ, ಅದೂ ತಪ್ಪೇ. ನಾನು ಇಲ್ಲಿಗೆ ಬಂದ ಹೊಸತರಲ್ಲಿ ಒಂದು ರೂಮಿಗೆ ಅಡ್ಡ ಪರದೆ ಕಟ್ಟಿ ಎರಡು ಸಂಸಾರ ಇದ್ದದ್ದು. ಊರಿಗೆ ಫೋಟೋ ಕಳಿಸ್ಲಿಕ್ಕೆ ಇಲ್ಲೇ ಬರ್ತಿದ್ದೆವು, ಈ ಬಿಲ್ಡಿಂಗಿನ ಎದುರು. ಆ ಪರದೆ ಉಂಟಲ್ಲ, ಅದನ್ನು ನನ್ನ ಉಮ್ಮ ಇವತ್ತಿನವರೆಗೆ ನೋಡಿಲ್ಲ."

ನಾನು ಫೋನನ್ನು ಚೀಲಕ್ಕೆ ಹಾಕಿದೆ.

"ಆ ನೀನಾ ಹಿತ್ತಿಲಿನ ಕಕ್ಕಸು ಸಹ ತೋರಿಸಿದ್ರು," ಎಂದಳು ಮುಮ್ತಾಜ್. "ಗುರುತಿಲ್ಲದವರಿಗೆ ಯಾರು ತೋರಿಸ್ತಾರೆ, ಹೇಳಿ? ನಮ್ಮನ್ನು ಮನೆಯವರು ಅಂತ ಗ್ರಹಿಸಿ ತೋರಿಸಿದ್ದಲ್ವಾ?"

ಆ ಫೋಟೋವನ್ನು ನಾನು ಯಾರಿಗೂ ಕಳಿಸಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ, ನೀನಾ ಕೇಳಿದ್ದನ್ನಾದರೂ ಮಾಡಬೇಕು, ನನ್ನ ಮನೆಯನ್ನು ತೋರಿಸಬೇಕು ಎಂದು ನಿಶ್ಚಯಿಸಿದೆ.

ಎಗೈಲಾ

ಗಲೀನಾಳ ಜಿಮ್ ಎಗೈಲಾದ ಒಂದು ಮಾಲಿನ ಮೇಲಿನ ಅಂತಸ್ತಿನಲ್ಲಿದೆ. ವಾಲ್ಟರ್ ನನ್ನನ್ನು ಬಿಟ್ಟು ಹೋದ. ಹೊರಗಿನ ಬೆಂಚಿನಲ್ಲಿ ಕಾದೆ. ಕ್ಲಾಸು ಮುಗಿಸಿ, ಕುತ್ತಿಗೆಗೆ ಟವೆಲ್ ಹಾಕಿಕೊಂಡು ಬಂದವಳು ನನ್ನನ್ನು ಕಂಡು ನಿಂತಳು. ಮೊದಲು ಕೇಳಿದ್ದು, "ಲಾವಾ? ಕಾಲು?" ಎಂದು. ಏನೂ ಆಗಿಲ್ಲವೆಂದೆ. ಆಕೆ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

ಆ್ಯಪ್ ತೆಗೆಯಹೋದೆ. ಆಕೆ ನನ್ನ ಫೋನಿನ ಮೇಲೆ ಅಂಗೈ ಇಟ್ಟು ಮುಚ್ಚಿದಳು. ತನ್ನ ಬಿಡಿಬಿಡಿ ಇಂಗ್ಲಿಷಿನಲ್ಲಿ, ಪದ ಹುಡುಕುತ್ತ ಹೇಳಿದಳು. ಕನ್ನಡದಲ್ಲಿ ಬರೆದರೆ ಹೀಗಾಗುತ್ತದೆ: "ನೀನು ಹೇಳಿದ್ದು ಎಲ್ಲ ಫೋನಿಗೆ ಅರ್ಥವಾಗುವುದಿಲ್ಲ. ಅವತ್ತಿನ ಮಾತು ಮಾತ್ರ ಚೆನ್ನಾಗಿ ಅರ್ಥವಾಯಿತು. ನೀನು ಟೀಚರ್. ಬಹಳ ಸ್ಪಷ್ಟವಾಗಿ ಹೇಳಿದೆ."

ನನಗೆ ತಲೆ ಎತ್ತಲಾಗಲಿಲ್ಲ. ತಪ್ಪಾಯಿತೆಂದೆ, ಬಹಳ ತಪ್ಪಾಯಿತೆಂದೆ. ನನಗೂ ಇಂಗ್ಲಿಷಿನಲ್ಲಿ ಅದಕ್ಕಿಂತ ಹೆಚ್ಚಿನದು ಹೊಳೆಯಲಿಲ್ಲ. ಆಮೇಲೆ, "ನನ್ನ ಮನೆ ತೋರಿಸುತ್ತೇನೆ," ಎಂದು ಊರಿಗೆ ಗಂಡನಿಗೆ ವಿಡಿಯೋ ಕರೆ ಮಾಡಿದೆ.

ನನ್ನ ಗಂಡ ಹೆನ್ರಿ ಸರಳ ಮನುಷ್ಯ. ಮನೆ ತೋರಿಸಿ ಎಂದರೆ ಯಾಕೆಂದೂ ಕೇಳದೆ ಫೋನು ಹಿಡಿದು ಹೊರಟರು. ಹಾಲಿನ ಶೋಕೇಸು, ಮದುವೆಯಲ್ಲಿ ಸಿಕ್ಕಿ ಒಮ್ಮೆಯೂ ಬಳಸದ ಪಿಂಗಾಣಿ ತಟ್ಟೆಗಳು, ಪ್ಲಾಸ್ಟಿಕ್ ಕವರಿನೊಳಗೇ ಇರುವ ಟಿವಿ ರಿಮೋಟು. ಅಡುಗೆಮನೆಯ ಕಿಟಕಿಯಲ್ಲಿ, ತೊಳೆದು ಒಣಗಿಸಲು ಸಿಕ್ಕಿಸಿದ ಹಾಲಿನ ಪ್ಯಾಕೆಟುಗಳು. ಅವನ್ನು ಹಾಗೆ ಸಿಕ್ಕಿಸುವವಳು ನಾನೇ. ಗಲೀನಾ ಅವನ್ನು ನೋಡಿದಳು, ನನ್ನನ್ನು ನೋಡಿದಳು. ಅವನ್ನು ತೋರಿಸಿ ಹಗುರಾಗಬೇಕೆಂದೇ ಇದ್ದೆ ನಾನು. ನಗು ಬಂದರೆ ಇಬ್ಬರೂ ನಕ್ಕುಬಿಡಬಹುದು ಎನಿಸಿತ್ತು.

ಆದರೆ ಹೆನ್ರಿ ಅಷ್ಟಕ್ಕೇ ನಿಲ್ಲಲಿಲ್ಲ. ಹಿಂಬಾಗಿಲು ತೆಗೆದು ಹಿತ್ತಿಲಿಗೆ ಹೋದರು. ತೆಂಗಿನ ಗರಿಗಳ ರಾಶಿಯ ಆಚೆ, ತಗಡಿನ ಬಾಗಿಲಿನ ಹಳೆಯ ಗೂಡು. ಬಾಗಿಲಿನ ಕೆಳಗೆ ತುಕ್ಕು ತಿಂದು ಗೇಣಗಲ ತೂತಾಗಿದೆ. "ಇದು ನಮ್ಮ ಸುಂದರಿಯ ಕಕ್ಕಸು," ಎಂದರು ಖುಷಿಯಿಂದ. ಅದನ್ನು ಗಲೀನಾಳಿಗೆ ಇಂಗ್ಲಿಷಿನಲ್ಲಿ ಹೇಳಿದೆ.

ಗಲೀನಾ ಪರದೆಗೆ ಬಗ್ಗಿ ನೋಡಿದಳು. "ಯಾರದು?"

"ನಮ್ಮ ಮನೆಯಲ್ಲಿ ಕೆಲಸ ಮಾಡುವವಳದು," ಎಂದೆ.

"ಮನೆಯೊಳಗೆ ಇಲ್ಲವೆ?"

"ಇದೆ. ಎರಡು ಇವೆ."

"ಆಕೆ ಒಳಗೆ ಹೋಗುವುದಿಲ್ಲವೆ?"

ಮಾಲಿನಲ್ಲಿ ಎಲ್ಲೋ ಮಕ್ಕಳು ಕಿರುಚುತ್ತಿದ್ದರು. ಪರದೆಯಲ್ಲಿ ಹೆನ್ರಿ, "ಕೇಳಿಸ್ತಾ ಉಂಟಾ? ಇನ್ನೆಂತ ತೋರಿಸ್ಬೇಕು?" ಎನ್ನುತ್ತಿದ್ದರು. ನಾನು ಕರೆ ಕಡಿದೆ.  ಸುಂದರಿ ನಮ್ಮಲ್ಲಿಗೆ ಬರತೊಡಗಿ ಎಷ್ಟೋ ವರ್ಷವಾಯಿತು. ನನ್ನ ಬಾಣಂತನದಲ್ಲಿ ನನಗೆ ಬಿಸಿನೀರು ಕಾಯಿಸಿ ಹುಯ್ದವಳು ಅವಳು. ಹುಯ್ದಾದ ಮೇಲೆ ಅದೇ ಬಾತ್‌ರೂಮನ್ನು ತಿಕ್ಕಿ ತೊಳೆದು ಹೊರಗೆ ಬರುತ್ತಿದ್ದಳು. ಅದು ಹಾಗೆ ಯಾಕೆ ಎಂದು ಒಮ್ಮೆಯೂ ನನ್ನ ತಲೆಗೆ ಹೋಗಿರಲಿಲ್ಲ. ಯಾರೂ ಕೇಳಿರಲಿಲ್ಲ.

ಗಲೀನಾ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಗೆದ್ದವಳ ನೋಟ ಅದಲ್ಲ. "ನನಗೆ ಕ್ಲಾಸಿದೆ," ಎಂದು ಎದ್ದು ಹೋದಳು.

ಮರುದಿನ ಬೆಳಿಗ್ಗೆ ಬೆಲ್ ಆಯಿತು. ಗಲೀನಾ ನನ್ನನ್ನು ಕಂಡು ತಲೆ ತಗ್ಗಿಸಿ ವಂದಿಸಿ, ನೆಟ್ಟಗೆ ಲವೀನಾಳ ಬಳಿ ಹೋಗಿ ಕಾಲನ್ನು ಮಡಿಲಿಗೆ ಎತ್ತಿಕೊಂಡಳು. ಅಂದು ಲವೀನಾ ನೋವಿಗೆ ಅತ್ತಳೋ ಬೇರೆ ಏನಕ್ಕೋ, ನಾನು ಅಡುಗೆಮನೆಗೆ ಸರಿದೆ. ಆ ನಂತರ ನಾನಿದ್ದ ಅಷ್ಟೂ ದಿನ ಗಲೀನಾ ಬಂದಳು. ನನ್ನೆದುರು ಆ್ಯಪನ್ನು ಮಾತ್ರ ಮತ್ತೆ ತೆಗೆಯಲಿಲ್ಲ.

ವಿಮಾನ ನಿಲ್ದಾಣದ ದಾರಿ

ನಾನು ಹೊರಡುವ ದಿನ ವಾಲ್ಟರನಿಗೆ ಹಗಲು ಶಿಫ್ಟು. ಟ್ಯಾಕ್ಸಿ ಕರೆಯುವುದೆಂದು ಮಾತಾಡಿಕೊಂಡಿದ್ದೆವು. ಗಲೀನಾ ಬಂದು ಕೈಚಾಚಿ ನನ್ನ ಪೆಟ್ಟಿಗೆಯ ಹಿಡಿ ಹಿಡಿದುಕೊಂಡಳು. "ನಾನು," ಎಂದಳು. ಲವೀನಾ ಊರುಗೋಲಿನಲ್ಲಿ ಬಾಗಿಲವರೆಗೆ ಬಂದು ನನ್ನನ್ನು ತಬ್ಬಿಕೊಂಡಳು. ಕಿವಿಯಲ್ಲಿ, "ದಾರಿಯಲ್ಲಿ ಸುಮ್ಮನಿರು ಅಕ್ಕಾ," ಎಂದಳು. ಇಬ್ಬರಿಗೂ ನಗು ಬಂತು, ಅಳುವೂ ಬಂತು.

ಹೈವೇಯಲ್ಲಿ ಧೂಳು ಎದ್ದು ಆಕಾಶ ಕಂದುಬಣ್ಣಕ್ಕೆ ತಿರುಗಿತ್ತು. ಹಗಲಲ್ಲೇ ವಾಹನಗಳು ದೀಪ ಹಾಕಿಕೊಂಡು ಹೋಗುತ್ತಿದ್ದವು.  ಸ್ವಲ್ಪ ದೂರ ಹೋದ ಮೇಲೆ ಗಲೀನಾ ರಸ್ತೆಯನ್ನೇ ನೋಡುತ್ತ ರಷ್ಯನ್ನಿನಲ್ಲಿ ಮಾತಾಡತೊಡಗಿದಳು. ನನಗೆ ಹೇಳುತ್ತಿದ್ದಾಳೆಂದು ಗೊತ್ತಾಗುತ್ತಿತ್ತು, ಆದರೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ನೀನಾಳ ಹೆಸರು ಬಂತು. ಲಾವಾ ಎಂದೂ ಬಂತು. ಒಮ್ಮೆ ದನಿ ಏರಿತು, ಒಮ್ಮೆ ಸ್ಟಿಯರಿಂಗಿನಿಂದ ಕೈ ತೆಗೆದು ಗಾಳಿಯಲ್ಲಿ ಬೀಸಿದಳು. ನನ್ನ ಕೈ ತಾನಾಗಿ ಚೀಲದೊಳಗಿನ ಫೋನಿಗೆ ಹೋಯಿತು. ಆ್ಯಪ್ ಒತ್ತಿದರೆ ಎಲ್ಲ ತಿಳಿಯುತ್ತಿತ್ತು. ನಾನು ಕೈ ಹೊರಗೆ ತೆಗೆದು ಮಡಿಲಲ್ಲಿಟ್ಟುಕೊಂಡೆ. ಆಕೆಗೆ ನನ್ನಿಂದ ಉತ್ತರ ಬೇಕಿದ್ದರೆ ಆ ಮಾತನ್ನು ತನ್ನ ಫೋನಿಗೇ ಹೇಳುತ್ತಿದ್ದಳು.

ಇಳಿಯುವಾಗ ಪೆಟ್ಟಿಗೆ ಕೆಳಗಿಟ್ಟು, ಗಾಳಿಗೆ ಹಾರುತ್ತಿದ್ದ ನನ್ನ ಸೆರಗನ್ನು ಹಿಡಿದು ಹೆಗಲಿಗೆ ಸಿಕ್ಕಿಸಿದಳು. "ಹೋಗು, ಟೀಚರ್," ಎಂದಳು. ಆಗಲೂ ನಗಲಿಲ್ಲ.

ಮನೆ

ಬಂದ ವಾರವೇ ಸುಂದರಿಯನ್ನು ಕರೆದು, ಇನ್ನು ಮುಂದೆ ಒಳಗಿನ ಬಾತ್‌ರೂಮಿಗೇ ಹೋಗು ಎಂದೆ. ಬಾಗಿಲು ತೆರೆದು ತೋರಿಸಿದೆ, ಅದನ್ನು ದಿನಾ ತೊಳೆಯುವವಳಿಗೆ! ಅವಳು ಪೊರಕೆ ಹಿಡಿದು ನಿಂತವಳು ನನ್ನ ಮುಖವನ್ನೇ ನೋಡಿದಳು.

"ಬೇಡ ಬಾಯಮ್ಮ, ನನಗೆ ಅಲ್ಲೇ ಆಗ್ತದೆ."

"ಅಲ್ಲಿ ಬಾಗಿಲು ಸರಿ ಇಲ್ಲ ಸುಂದರೀ."

"ಅದು ಯಾವಾಗಿನಿಂದಲೂ ಸರಿ ಇಲ್ಲ," ಎಂದಳು. ದನಿಯಲ್ಲಿ ದೂರು ಇರಲಿಲ್ಲ. ಸ್ವಲ್ಪ ಯೋಚಿಸಿ, ತಗ್ಗಿದ ಸ್ವರದಲ್ಲಿ ಕೇಳಿದಳು, "ಯಾರಾದ್ರೂ ಎಂತಾದ್ರೂ ಹೇಳಿದ್ರಾ ನಿಮಗೆ?"

"ಇಲ್ಲ, ಯಾರೂ ಹೇಳಲಿಲ್ಲ. ನನಗೇ ತೋಚಿತು," ಎಂದೆ.